ಕಿಲ್ಲೇದಾರನ ಬಾವಿ

ಸೋಮವಾರ ಮಧ್ಯಾಹ್ನ ಹುಮನಾಬಾದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಜಗದೇವಿ ರೊಟ್ಟಿಯ ಡಬ್ಬಿ ಬಿಚ್ಚುತ್ತಿದ್ದಾಗ ಫೋನಿಗೆ ಸುದ್ದಿ ಬಂತು. ಇತಿಹಾಸ ಬಳಗದ ಗುಂಪಿನಲ್ಲಿ ಕಾರ್ಯದರ್ಶಿ ಧನರಾಜ ಬರೆದಿದ್ದರು: ಬರುವ ರವಿವಾರ ಬಸವಕಲ್ಯಾಣದಲ್ಲಿ ಬಳಗದ ವಾರ್ಷಿಕ ಸಭೆ. ಹಿರಿಯರಾದ ಸಿರಾಜುದ್ದೀನ್ ಮಾಸ್ತರರಿಗೆ ಸನ್ಮಾನ. ರಾಜೇಶ್ವರದ ಬಾವಿಯ ಬಗ್ಗೆ ಅವರು ಇಪ್ಪತ್ತೆಂಟು ವರ್ಷದ ಹಿಂದೆ ಬರೆದ ಪುಸ್ತಿಕೆಯ ಎರಡನೇ ಮುದ್ರಣದ ಬಿಡುಗಡೆ. ಊಟವಾದ ಮೇಲೆ ಎಲ್ಲರೂ ರಾಜೇಶ್ವರಕ್ಕೆ ಹೋಗಿ ‘ಕಿಲ್ಲೇದಾರ ಜಾಫರ್ ಬೇಗ್ ಕಟ್ಟಿಸಿದ ಬಾವಿ’ ಎಂಬ ಹೊಸ ಫಲಕ ನಿಲ್ಲಿಸುವುದು.

ಕೆಳಗೆ ಕೈಮುಗಿಯುವ ಚಿತ್ರಗಳು, ಹೂಗುಚ್ಛಗಳು ಒಂದರ ಮೇಲೊಂದು ಬಿದ್ದವು. ಜಗದೇವಿ ಡಬ್ಬಿ ಮುಚ್ಚಿಬಿಟ್ಟಳು. ಆ ಬಾವಿ ಜಾಫರ್ ಬೇಗ್ ಕಟ್ಟಿಸಿದ್ದಲ್ಲ ಎಂಬುದು ಅವಳಿಗೆ ಐದು ತಿಂಗಳಿಂದ ಗೊತ್ತಿತ್ತು. ಬಳಗದಲ್ಲಿ ಮತ್ತಾರಿಗೂ ಗೊತ್ತಿರಲಿಲ್ಲ.

ಬಳಗ ಎಂದರೆ ದೊಡ್ಡ ಸಂಸ್ಥೆಯೇನಲ್ಲ. ಅರವತ್ತು ಮಂದಿ. ಅದರಲ್ಲಿ ಪದವಿ ಇದ್ದವರು ಹತ್ತು ಜನ ಇದ್ದಾರು. ಉಳಿದವರು ಅಂಗಡಿಯವರು, ಒಕ್ಕಲುತನದವರು, ನಿವೃತ್ತ ಕಂಡಕ್ಟರ್ ಒಬ್ಬರು, ಎಲ್ಲಿ ಹಳೆ ಕಲ್ಲು ಕಂಡರೂ ಸೈಕಲ್ ನಿಲ್ಲಿಸಿ ನೀರು ಹಾಕಿ ತೊಳೆಯುವವರು. ಮೂರು ತಿಂಗಳಿಗೊಮ್ಮೆ ನಾಲ್ಕು ಹಾಳೆಯ ಸುದ್ದಿಪತ್ರ ಬರುತ್ತಿತ್ತು. ಯಾವ ಊರಿನ ಹೊಲದಲ್ಲಿ ವೀರಗಲ್ಲು ಸಿಕ್ಕಿತು, ಯಾರ ಮನೆಯ ಅಟ್ಟದಲ್ಲಿ ಹಳೆ ಕಾಗದ ಸಿಕ್ಕಿತು, ಯಾರು ತೀರಿಕೊಂಡರು, ಎಲ್ಲ ಅದರಲ್ಲಿ ಇರುತ್ತಿತ್ತು.

ಘಾಟಬೋರಾಳದ ಒಕ್ಕಲುತನದ ಮನೆಯ ಜಗದೇವಿಯನ್ನು ಈ ಬಳಗಕ್ಕೆ ಕರೆತಂದವರೇ ಸಿರಾಜುದ್ದೀನ್ ಮಾಸ್ತರರು. ಕಲ್ಲಿನ ಮೇಲೆ ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುವುದನ್ನು ಅವಳ ಕೈಹಿಡಿದು ಕಲಿಸಿದ್ದರು. ಅವಳು ಮೊದಲ ಸಲ ಲೇಖನ ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು. ಆಗ ಮಾಸ್ತರರು ಎದ್ದು ನಿಂತು, “ನಗೋರು ಮುಂದ ಬಂದು ನಗ್ರಿ, ಯಾವ ಮಾತಿಗೆ ಅಂತ ಹೇಳಿ ನಗ್ರಿ,” ಎಂದಿದ್ದರು. ಆಮೇಲೆ ಯಾರೂ ನಗಲಿಲ್ಲ. ಅದಾಗಿ ಹದಿನಾರು ವರ್ಷ.

ರಾಜೇಶ್ವರದ ಮೆಟ್ಟಿಲು ಬಾವಿಯ ಗೋಡೆಯ ಗೂಡಿನಲ್ಲಿ ಒಂದು ಕಲ್ಲಿದೆ. ಮೇಲೆ ಫಾರ್ಸಿಯ ಮೂರು ಸಾಲು. ಆ ಸಾಲುಗಳನ್ನು ಮೊದಲು ಓದಿದವರು ಮಾಸ್ತರರು. ಕಲ್ಯಾಣದ ಕೋಟೆ ನೋಡಿಕೊಳ್ಳುತ್ತಿದ್ದ ಕಿಲ್ಲೇದಾರ ಜಾಫರ್ ಬೇಗ್ ಬಾವಿ ಕಟ್ಟಿಸಿದನೆಂದು ಬರೆದರು, ಅದೇ ಎಲ್ಲರ ಬಾಯಲ್ಲೂ ನಿಂತಿತು. ಈ ಬೇಸಿಗೆಯಲ್ಲಿ ಊರವರು ಬಾವಿಯ ಹೂಳು ತೆಗೆಸಿದಾಗ ಕಲ್ಲಿನ ಕೆಳಗಿನ ಅರ್ಧ ಹೊರಗೆ ಬಂತು. ಅಲ್ಲಿ ಮೋಡಿ ಲಿಪಿಯಲ್ಲಿ ಮರಾಠಿಯ ಐದು ಸಾಲು. ಜಗದೇವಿಗೆ ಮೋಡಿ ಬರುತ್ತಿತ್ತು. ಮೇ ತಿಂಗಳ ಬಿಸಿಲಿನಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋಗಿ ಎರಡು ತಿಂಗಳು ಕುಳಿತು ಓದಿದಳು. ಅರ್ಥ ಸ್ಪಷ್ಟವಿತ್ತು. ಮಾಲಿ ತುಕೋಜಿಯ ಹೆಂಡತಿ ಸಗುಣಾ ಈ ಬಾವಿ ತೋಡಿಸಿದಳು, ಕಿಲ್ಲೇದಾರ ಸಾಹೇಬರು ಜಾಗಕ್ಕೆ ಅಪ್ಪಣೆ ಕೊಟ್ಟರು. ಹೂ ಬೆಳೆದು ಮಾರುವ ಮನೆಯ ಹೆಂಗಸು ಕಟ್ಟಿಸಿದ ಬಾವಿ.

ರವಿವಾರದ ಸಭೆಯಲ್ಲಿ ಅವಳದೂ ಒಂದು ಲೇಖನವಿತ್ತು. ‘ರಾಜೇಶ್ವರದ ಬಾವಿ: ಕೆಲವು ಹೊಸ ಮಾತು’ ಎಂದು ಹೆಸರು ಕೊಟ್ಟಿದ್ದಳು. ಸನ್ಮಾನದ ವಿಚಾರ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಸಂಜೆ ಕಾಲೇಜು ಬಿಟ್ಟವಳೇ ಆಟೋ ಹತ್ತಿ ಮಾಣಿಕನಗರಕ್ಕೆ ಹೋದಳು. ಧನರಾಜರದು ಅಲ್ಲಿ ತೆಂಗಿನಕಾಯಿ, ಊದುಬತ್ತಿಯ ಅಂಗಡಿ. ಗಿರಾಕಿಗಳು ಹೋಗುವ ತನಕ ಕಾದು, ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಎಲ್ಲ ಹೇಳಿದಳು. ಧನರಾಜರ ಕೈಯಲ್ಲಿದ್ದ ಊದುಬತ್ತಿಯ ಕಟ್ಟು ಕೈಯಲ್ಲೇ ಉಳಿಯಿತು.

“ಖರೇ ಏನ್ರಿ ಮೇಡಂ?”

“ಖರೇ ರಿ. ಐದು ಸಾಲು ಓದೀನಿ.”

“ಮತ್ತ ಮೊದಲ ಯಾಕ ಹೇಳಲಿಲ್ಲ?”

“ಪೂರಾ ಖಾತ್ರಿ ಆಗಲಿ ಅಂತ ಕುಂತೆ. ಖಾತ್ರಿ ಆದ ಮ್ಯಾಲ ಧೈರ್ಯ ಆಗಲಿಲ್ಲ.”

ಧನರಾಜರು ಕಟ್ಟನ್ನು ಕೆಳಗಿಟ್ಟರು. “ನಿಮಗ ಕೈ ಮುಗೀತೀನಿ. ಸನ್ಮಾನ ಆಗಿ ಹೋಗಲಿ. ಮುಂದಿನ ಸಲ ಓದ್ರಿ. ಹೋದ ವರ್ಷ ಅವರ ಎದಿಗೆ ಸ್ಟೆಂಟ್ ಹಾಕ್ಯಾರ, ನೆನಪದ ಇಲ್ಲೋ?”

“ನೆನಪದ. ಆದ್ರ ಫಲಕ?”

“ಫಲಕ ಏನ್ ಕಲ್ಲೇನ್ರಿ, ತಗಡು. ಯಾವಾಗರೆ ತೆಗೀಬಹುದು.”

“ಪುಸ್ತಕ?”

ಧನರಾಜರು ಹಿಂದಿನ ಬಾಗಿಲಿನ ಕಡೆ ಕೈ ತೋರಿಸಿದರು. ಪ್ರತಿಗಳು ಆಗಲೇ ಅಚ್ಚಾಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಟ್ಟಿಟ್ಟಿದ್ದವು.

ಮನೆಗೆ ಬಂದು ಜಗದೇವಿ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ತಪ್ಪು ಇನ್ನೊಂದು ಇಪ್ಪತ್ತೆಂಟು ವರ್ಷ ಬದುಕುತ್ತದೆ. ಮುಂದಿನ ವರ್ಷ ಓದಿದರೆ, ‘ಸನ್ಮಾನ ಆಗೋ ತನಕ ಸುಮ್ನಿದ್ದು ಆಮ್ಯಾಲ ಚುಚ್ಚಿದಳು’ ಎನ್ನುತ್ತಾರೆ. ಎಲ್ಲರೆದುರು ರವಿವಾರವೇ ಓದಿದರೆ ಮಾಸ್ತರರು ಶಾಲು ಹೊದ್ದು ಕುಳಿತಲ್ಲೇ ಅದನ್ನು ಕೇಳಬೇಕು. ಉಳಿದದ್ದು ಒಂದೇ ದಾರಿ. ಅವರ ಮನೆಗೆ ಹೋಗಿ ಅವರಿಗೇ ಮೊದಲು ಹೇಳುವುದು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಬಸವಕಲ್ಯಾಣದ ಬಸ್ ಹತ್ತಿದಳು. ಮಾಸ್ತರರ ಮನೆ ಕೋಟೆಯ ಹತ್ತಿರದ ಗಲ್ಲಿಯಲ್ಲಿ. ಸೊಸೆ ಸರ್ವರಿ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. “ಬರ್ರಿ ಅಕ್ಕಾ. ಅಬ್ಬಾ ಮುಂಜಾನಿಂದ ನಿಮ್ಮ ಹೆಸರೇ ತಗೋಳಾಕತ್ತಾರ,” ಎಂದಳು.

ಎಪ್ಪತ್ತೊಂಬತ್ತರ ಮಾಸ್ತರರು ಮಂಚದ ಮೇಲೆ ಕುಳಿತು ಪುಸ್ತಿಕೆಯ ಹೊಸ ಮುಖಪುಟ ನೋಡುತ್ತಿದ್ದರು. “ನೋಡು ಬೇಟಿ, ಧನರಾಜ ನನ್ನ ಹೆಸರಿಗಿಂತ ಬಾವಿ ಹೆಸರು ದೊಡ್ಡದು ಹಾಕ್ಯಾನ. ಶಾಣ್ಯಾ ಇದ್ದಾನ,” ಎಂದು ನಕ್ಕರು. ಸರ್ವರಿ ಇಸ್ತ್ರಿ ಮಾಡಿಟ್ಟ ಶೇರ್ವಾನಿ ತೋರಿಸಿದರು. ಚಹಾ ಬಂತು. ಘಾಟಬೋರಾಳದಲ್ಲಿ ತೊಗರಿ ಹೇಗಿದೆ ಎಂದು ಕೇಳಿದರು. ಜಗದೇವಿ ತೊಗರಿಯ ಬಗ್ಗೆ ಎಂದೂ ಆಡದಷ್ಟು ಮಾತಾಡಿದಳು. ಎರಡು ಸಲ ಚೀಲದ ಜಿಪ್ ಎಳೆದು ಮತ್ತೆ ಮುಚ್ಚಿದಳು. ಕೊನೆಗೆ ಎದ್ದು, ನಮಸ್ಕಾರ ಹೇಳಿ, ಬಾಗಿಲಾಚೆ ಬಂದು ಚಪ್ಪಲಿ ಮೆಟ್ಟಿದಳು. ಅಲ್ಲೇ ನಿಂತುಬಿಟ್ಟಳು.

“ಸರ್, ಬಾವಿ ಜಾಫರ್ ಬೇಗ್ ಕಟ್ಟಿಸಿಲ್ರಿ.”

ಹೊಲಿಗೆ ಯಂತ್ರ ನಿಂತಿತು. ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಚಪ್ಪಲ್ ಬಿಟ್ಟು ಒಳಗ ಬಾ,” ಎಂದರು.

ಅವಳು ಫೋಟೋಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟಳು. ಮೋಡಿಯ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ ಅರ್ಥ ಹೇಳಿದಳು. ಮಾಸ್ತರರು ಒಂದೊಂದೇ ಫೋಟೋ ಎತ್ತಿ ಕಣ್ಣ ಹತ್ತಿರ ಹಿಡಿದರು. ಮುಗಿದ ಮೇಲೆ, “ಫೋಟೋ ಇಲ್ಲೇ ಇಟ್ಟು ಹೋಗು,” ಎಂದಷ್ಟೇ ಹೇಳಿದರು. ಯಾವಾಗಲೂ ಗಲ್ಲಿಯ ತುದಿಯ ತನಕ ಬಂದು ಬೀಳ್ಕೊಡುತ್ತಿದ್ದವರು ಆ ದಿನ ಮಂಚದಿಂದ ಏಳಲಿಲ್ಲ.

ಬುಧವಾರ ಫೋನು ಬರಲಿಲ್ಲ. ಗುರುವಾರ ಮಧ್ಯಾಹ್ನ ಬಂತು, ಆದರೆ ಸರ್ವರಿಯದು.

“ಅಕ್ಕಾ, ಅಬ್ಬಾಗ ಏನ್ ಕೊಟ್ಟು ಹೋಗಿರಿ? ಊಟ ಸರಿ ಇಲ್ಲ, ಮಾತು ಇಲ್ಲ. ಆ ಫೋಟೋ ಮುಂದ ಹರವಿಕೊಂಡು ಕುಂತುಬಿಟ್ಟಾರ. ಗುಳಿಗಿ ಸುದ್ದಾ ನಾನೇ ನೆನಪು ಮಾಡಬೇಕು.”

“ನನ್ನ ಮ್ಯಾಲ ಸಿಟ್ಟಾಗ್ಯಾರೇನ್?”

“ಏನೂ ಹೇಳವಲ್ಲರು. ಕೇಳಿದ್ರ ಬೆರಳ ಮ್ಯಾಲ ಏನೋ ಎಣಸ್ತಾರ.”

ಜಗದೇವಿ ಆ ರಾತ್ರಿಯೇ ಲೇಖನ ಹಿಂದಕ್ಕೆ ಪಡೆಯುವುದಾಗಿ ಧನರಾಜರಿಗೆ ಬರೆದಳು. ‘ಛಲೋ ಆತು ಮೇಡಂ’ ಎಂದು ಉತ್ತರ ಬಂತು. ಅದನ್ನು ಓದಿ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಶುಕ್ರವಾರ ಪಾಠ ಮಾಡುವಾಗ ಎರಡು ಸಲ ಇಸವಿ ತಪ್ಪು ಹೇಳಿದಳು, ಮಕ್ಕಳು ತಿದ್ದಿದರು.

ಶನಿವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸರ್ವರಿ ಮತ್ತೆ ಫೋನು ಮಾಡಿದಳು. ಈ ಸಲ ಅಳುತ್ತಿದ್ದಳು.

“ಅಬ್ಬಾ ಮನ್ಯಾಗ ಇಲ್ರಿ. ಏಳಕ್ಕ ಎದ್ದು ಹೋಗ್ಯಾರ. ಫೋನ್ ಇಲ್ಲೇ ಬಿಟ್ಟಾರ. ಮಸೀದಿ, ಕೋಟಿ, ಗ್ರಂಥಾಲಯ ಎಲ್ಲಾ ನೋಡಿ ಬಂದೆ.”

“ಕೈಯಾಗ ಏನರೆ ಒಯ್ದಾರೇನು?”

“ಆ ಫೋಟೋದ ಲಕೋಟಿ ಕಾಣವಲ್ದು.”

“ಸರ್ವರಿ, ನೀ ರಾಜೇಶ್ವರಕ್ಕ ಬಾ. ನಾನೂ ಬರಾಕತ್ತೀನಿ,” ಎಂದು ಹೇಳಿ ಜಗದೇವಿ ಮನೆಯ ಚಪ್ಪಲಿಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದಳು.

ಬಸ್ಸಿನಲ್ಲಿ ಕುಳಿತರೂ ಕುಳಿತಂತೆ ಇರಲಿಲ್ಲ. ಆ ಬಾವಿಯ ಮೆಟ್ಟಿಲುಗಳು ಅವಳ ಕಣ್ಣ ಮುಂದೆಯೇ ಇದ್ದವು. ಮೂವತ್ತೆರಡು ಮೆಟ್ಟಿಲು, ಎಲ್ಲ ಸವೆದು ನುಣುಪಾದವು. ಮಳೆಗಾಲ ಕಳೆದರೂ ನೀರು ಇನ್ನೂ ಕಲ್ಲಿನ ಗೂಡಿನಿಂದ ಮೂರೇ ಮೆಟ್ಟಿಲು ಕೆಳಗಿದೆ. ಎದೆಗೆ ಸ್ಟೆಂಟ್ ಹಾಕಿದ ಮುದುಕರು, ಮೂರು ದಿನ ಸರಿಯಾಗಿ ಉಣ್ಣದವರು. ‘ಹೇಳದಿದ್ದರೆ ಏನಾಗುತ್ತಿತ್ತು? ಮುನ್ನೂರು ವರ್ಷದ ಹಿಂದಿನ ಬಾವಿ. ಯಾರು ಕಟ್ಟಿಸಿದರೆ ಏನು?’ ಎಂದು ತನ್ನನ್ನೇ ಬೈದುಕೊಂಡಳು. ಕಿಟಕಿಯ ಆಚೆ ತೊಗರಿ ಹೊಲಗಳು ಹಳದಿಯಾಗಿ ಓಡುತ್ತಿದ್ದವು.

ರಾಜೇಶ್ವರದಲ್ಲಿ ಇಳಿದು ಬಾವಿಯ ಕಡೆ ಅರ್ಧ ನಡೆದು ಅರ್ಧ ಓಡಿದಳು. ಕಟ್ಟೆಯ ಮೇಲೆ ನಾಲ್ಕೈದು ಜನ ಬಾಗಿ ಕೆಳಗೆ ನೋಡುತ್ತಿದ್ದರು. ಗುಂಪನ್ನು ಸರಿಸಿ ಕೆಳಗೆ ನೋಡಿದಳು.

ಕಲ್ಲಿನ ಗೂಡಿನ ಮುಂದೆ, ಮೆಟ್ಟಿಲಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಸಿರಾಜುದ್ದೀನ್ ಮಾಸ್ತರರು ಕುಳಿತಿದ್ದರು. ಪೈಜಾಮ ಮೊಣಕಾಲಿನ ತನಕ ಮಡಿಚಿತ್ತು, ನಡುವಿಗೆ ಒಂದು ಹಗ್ಗ ಬಿಗಿದಿತ್ತು. ಹಗ್ಗದ ತುದಿಯನ್ನು ಕಟ್ಟೆಯ ಮೇಲಿನ ಒಬ್ಬ ಒಕ್ಕಲಿಗ ಕಂಬಕ್ಕೆ ಸುತ್ತಿ ಹಿಡಿದಿದ್ದ. ಹತ್ತು ಮೆಟ್ಟಿಲು ಮೇಲೆ, ಬಿಸಿಲು ಬೀಳುವ ಜಾಗದಲ್ಲಿ, ಪಕ್ಕದ ಹೊಲದ ಸರುಬಾಯಿ ತನ್ನ ಮನೆಯ ಗೋಡೆಯ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕನ್ನಡಿಯಿಂದ ಹೊರಳಿದ ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಅಕ್ಷರಗಳ ಗೀರು ಗೀರೂ ನೆರಳು ಕಟ್ಟಿ ಎದ್ದು ಕಾಣುತ್ತಿತ್ತು.

“ಬಂದ್ಯಾ?” ಮಾಸ್ತರರು ತಿರುಗದೆಯೇ ಕೇಳಿದರು. “ಇಳಿ. ಸಾವಕಾಶ ಇಳಿ, ಪಾಚಿ ಅದ.”

“ಸರ್, ಮನ್ಯಾಗ ಹೇಳಿ ಬರಬಾರದೇನ್ರಿ? ಸರ್ವರಿ ಅಳಾಕತ್ತಾಳ.”

“ಹೇಳಿದ್ರ ಬಿಡ್ತಿದ್ಲೇನ್?”

ಸರುಬಾಯಿ ಮೇಲಿನಿಂದ ಗೊಣಗಿದಳು: “ಟೀಚರ್‌ಬಾಯಿ, ಲಗೂನ ನೋಡ್ರಿ. ಎರಡು ತಾಸಿನಿಂದ ಹಿಡದೀನಿ, ಕೈ ಸೋತಾವ. ಹಗ್ಗ ಕಟ್ಟಿಸ್ಕೊಂಡ್ರಷ್ಟೇ ಇಳಿಯಾಕ ಬಿಡ್ತೀನಿ ಅಂದೆ. ಈ ಕಾಕಾ ಹೂಂ ಅಂದ್ರು.”

ಜಗದೇವಿ ಗೋಡೆ ಹಿಡಿದು ಇಳಿದು ಅವರ ಪಕ್ಕದ ಮೆಟ್ಟಿಲಿನ ಮೇಲೆ ಕುಳಿತಳು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬದಲಿಗೆ, ಅಚ್ಚು ತೆಗೆಯುವುದನ್ನು ಕಲಿಸುವಾಗ ಕಠಿಣ ಪ್ರಶ್ನೆ ಕೇಳುವ ಮುಂಚೆ ಬರುತ್ತಿದ್ದ ಆ ಹಳೆಯ ಹುರುಪಿತ್ತು.

“ಕಡೀ ಸಾಲು ಓದು.”

“ಸನ್ ತಿಸೈನ್ ಅಲಫ್,” ಎಂದು ಅವಳು ಕಾಗದ ನೋಡದೆ ಹೇಳಿದಳು. ಮೋಡಿ ಬರೆಯುವವರು ಆ ಕಾಲದಲ್ಲಿ ವರ್ಷವನ್ನು ಅರಬ್ಬಿ ಎಣಿಕೆಯ ಶಬ್ದಗಳಲ್ಲೇ ಬರೆಯುತ್ತಿದ್ದರು. ತಿಸೈನ್ ಎಂದರೆ ತೊಂಬತ್ತು, ಅಲಫ್ ಎಂದರೆ ಸಾವಿರ; ಆ ಎಣಿಕೆಯ ಸಾವಿರದ ತೊಂಬತ್ತು ಎಂದರೆ ನಮ್ಮ ಇಸವಿಯ ಹದಿನೇಳನೇ ಶತಮಾನದ ಕೊನೆ.

“ಬಾಯಿಪಾಠ ಬ್ಯಾಡ. ಕಲ್ಲು ನೋಡಿ ಓದು.”

ಅವಳು ಬಾಗಿ ನೋಡಿದಳು. ಫೋಟೋದಲ್ಲಿ ಅಕ್ಷರದ ಭಾಗದಂತೆ ಕಂಡಿದ್ದ ಒಂದು ಗೆರೆ ಈಗ ಅಲ್ಲಿ ಇರಲೇ ಇಲ್ಲ. ಅದು ಒಣಗಿದ ಪಾಚಿ. ಮಾಸ್ತರರು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆದಿದ್ದರು. ಅದರ ಕೆಳಗಿನ ಅಕ್ಷರವೇ ಬೇರೆ ಇತ್ತು.

“ಸಬೈನ್,” ಎಂದಳು ಮೆಲ್ಲಗೆ.

“ಸಬೈನ್. ಎಪ್ಪತ್ತು. ತೊಂಬತ್ತಲ್ಲ.” ಮಾಸ್ತರರು ತೊಡೆ ತಟ್ಟಿದರು. “ನಾಕು ದಿನದಿಂದ ನನ್ನ ತಲಿ ತಿಂದಿದ್ದು ಇದೇ ಬೇಟಿ. ನೀ ಹೇಳಿದ್ದು ಎಲ್ಲಾ ಸರಿ ಕೂಡ್ತಿತ್ತು, ವರ್ಷ ಕೂಡತಿದ್ದಿಲ್ಲ. ಜಾಫರ್ ಬೇಗ್ ಅದೇ ಎಣಿಕಿಯ ಎಂಬತ್ತೈದರಾಗ ಕಲ್ಯಾಣದ ಕಿಲ್ಲೆ ಬಿಟ್ಟು ಹೋದ. ಹೋದಾಂವ ತೊಂಬತ್ತರಾಗ ಬಂದು ಅಪ್ಪಣಿ ಹ್ಯಾಂಗ ಕೊಟ್ಟ? ನಾಳೆ ನೀ ಓದಿದ್ರ ಯಾರರೆ ಒಬ್ಬರು ಇದನ್ನೇ ಕೇಳ್ತಿದ್ರು. ಅಷ್ಟಕ್ಕ ನಿನ್ನ ಇಡೀ ಲೇಖನ ಬಿದ್ದು ಹೋಗ್ತಿತ್ತು.”

ಜಗದೇವಿ ಕಲ್ಲಿನಿಂದ ಕಣ್ಣು ತೆಗೆದಳು. “ನಾ ಲೇಖನ ವಾಪಸ್ ತಗೊಂಡೀನಿ ಸರ್,” ಎಂದಳು.

“ಯಾಕ?”

“ನಿಮಗ ನೋವಾಗ್ತದ ಅಂತ.”

ಅವರು ಒದ್ದೆ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಮೇಲಿನ ಫಾರ್ಸಿಯ ಎರಡನೇ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಕಲ್ಲು ಚೆಕ್ಕೆ ಎದ್ದಿತ್ತು.

“ಇಲ್ಲಿ ಒಂದು ಶಬ್ದ ಅರ್ಧ ಒಡದದ. ಉಳಿದ ಅರ್ಧ ನಾ ತುಂಬಿದ್ದು. ಕಿಲ್ಲೇದಾರನ ಹೆಸರದ ಅಂದ ಮ್ಯಾಲ ಕಟ್ಟಿಸಿದಾಂವ ಅವನೇ ಇರಬೇಕು ಅಂತ ‘ಕಟ್ಟಿಸಿದ’ ಅಂತ ತುಂಬಿದೆ. ಅಪ್ಪಣಿ ಕೊಟ್ಟ ಅಂತಲೂ ಆಗತಿತ್ತು. ನನಗ ಅವತ್ತೂ ಗೊತ್ತಿತ್ತು. ಪುಸ್ತಕದಾಗ ಆ ಮಾತು ಬರೀಲಿಲ್ಲ. ಯಾರರೆ ಕೇಳ್ತಾರ, ಕೇಳಿದಾಗ ಹೇಳೋಣ ಅಂತ ಸುಮ್ನಾದೆ. ಇಪ್ಪತ್ತೆಂಟು ವರ್ಷ ಯಾರೂ ಕೇಳಲಿಲ್ಲ, ಎಲ್ಲಾರೂ ವಾಹ್ ವಾಹ್ ಅಂದ್ರು. ಅನಕೋತ ಹೋದಂಗ ಹೇಳೋದು ಇನ್ನಾ ಕಠಿಣ ಆತು.”

“ಹಂಗಾದ್ರ ಸಿಟ್ಟಿಲ್ಲೇನ್ರಿ?”

“ಮೊದಲ ದಿನ ಇತ್ತು. ಸುಳ್ಯಾಕ ಹೇಳ್ಲಿ? ವರ್ಷ ಕೂಡಲಿಲ್ಲ ಅಂತ ಗೊತ್ತಾದಾಗ, ‘ಹುಡುಗಿ ತಪ್ಪಿದ್ಲು’ ಅಂತ ಖುಷಿನೂ ಆತು. ಮರುದಿನ ಆ ಖುಷಿಗೆ ನಾಚಿಕಿ ಬಂತು. ಅನ್ನ ಸೇರಲಿಲ್ಲ.” ಅವರು ಅವಳ ತಲೆಯ ಮೇಲೆ ಒದ್ದೆ ಕೈಯಿಟ್ಟರು. “ಇವತ್ತು ಮುಂಜಾನಿ ಈ ಅಕ್ಷರ ಕಂಡಾಗ ಎದಿ ಮ್ಯಾಲಿನ ಕಲ್ಲು ಇಳಿದಂಗ ಆತು ನೋಡು. ಮನಿ ಬಾಗಿಲಾಗ ನಿಂತು ಹೇಳಿದೆಲ್ಲಾ, ಅದು ಛಲೋ ಮಾಡಿದಿ. ಇನ್ನ ಲೇಖನ ವಾಪಸ್ ತಗೋಳೋದು ಗೀಗೋದು ಬಿಡು.”

ಜಗದೇವಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾಲ್ಕು ದಿನದ ಅಳು. ಮೇಲಿನಿಂದ ಸರುಬಾಯಿ, “ಏನಾತ್ರೀ? ಏನ್ ಬರದದ ಅದರಾಗ?” ಎಂದು ಗಾಬರಿಯಿಂದ ಕೇಳಿದಳು.

ಮಾಸ್ತರರೇ ಕೂಗಿ ಹೇಳಿದರು: “ಈ ಬಾವಿ ಒಂದು ಹೆಣ್ಣುಮಗಳು ಕಟ್ಟಿಸಿದ್ದು ಅಂತ ಬರದದ ಸರುಬಾಯಿ! ಮಾಲಿ ಮನಿಯಾಕಿ. ಸಗುಣಾ ಅಂತ ಹೆಸರು.”

“ಹೌದೇನ್ರಿ!” ಎಂದು ಸರುಬಾಯಿ ಕನ್ನಡಿ ಇಳಿಸಿದಳು. ಬಿಸಿಲು ಕಲ್ಲಿನ ಮೇಲಿಂದ ಜಾರಿ ನೀರಿನ ಮೇಲೆ ಬಿತ್ತು. “ಹಂಗಾದ್ರ ಕೈ ನೋವಾಗಿದ್ದು ದಂಡ ಆಗಲಿಲ್ಲ.”

ಅಷ್ಟು ಹೊತ್ತಿಗೆ ಸರ್ವರಿ ಆಟೋದಲ್ಲಿ ಬಂದಿಳಿದಳು. ಮಾವನನ್ನು ಹಗ್ಗ ಹಿಡಿದು ಮೇಲೆ ಹತ್ತಿಸುವ ತನಕ ಉಸಿರು ಬಿಡಲಿಲ್ಲ. ಮೇಲೆ ಬಂದ ಮೇಲೆ ಉರ್ದುವಿನಲ್ಲಿ ಒಂದೇ ಸಮನೆ ಬೈದಳು. ಮಾಸ್ತರರು ತಲೆ ತಗ್ಗಿಸಿ ಕೇಳಿದರು. ಬೈದು ಮುಗಿದಾಗ, “ಹಸಿವಾಗ್ಯದ ಬೇಟಿ,” ಎಂದರು. ಸರ್ವರಿಗೆ ಅಳು ನಗು ಒಟ್ಟಿಗೇ ಬಂತು. ಸರುಬಾಯಿಯ ಅಂಗಳದಲ್ಲಿ ಎಲ್ಲರೂ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು. ಮಾಸ್ತರರು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದರು. ಅಲ್ಲಿಂದಲೇ ಜಗದೇವಿಯ ಫೋನಿನಿಂದ ಧನರಾಜರಿಗೆ ಕರೆ ಹಚ್ಚಿ, “ನಾಳೆ ಫಲಕ ಬ್ಯಾಡ. ಪುಸ್ತಕದಾಗ ಒಂದು ಚೀಟಿ ಅಂಟಿಸು, ಮಾತು ನಾ ಹೇಳ್ತೀನಿ, ಬರಕೋ,” ಎಂದರು. ಆ ಕಡೆಯಿಂದ ಧನರಾಜರು ಉದ್ದಕ್ಕೆ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ರವಿವಾರ ಬಸವಕಲ್ಯಾಣದ ಸಭಾಭವನ ತುಂಬಿತ್ತು. ಸರುಬಾಯಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಸರ್ವರಿಯ ಪಕ್ಕ ಕುಳಿತಿದ್ದಳು. ಶಾಲು ಹೊದಿಸಿದ ಮೇಲೆ ಮಾಸ್ತರರು ಮೈಕಿನ ಮುಂದೆ ನಿಂತು, “ಈ ಸನ್ಮಾನಕ್ಕ ಕಾರಣ ಆದ ಪುಸ್ತಕದಾಗ ಒಂದು ಶಬ್ದ ನಾ ತಪ್ಪು ತುಂಬೀನಿ. ಏನು ತಪ್ಪು ಅಂತ ಜಗದೇವಿ ಹೇಳ್ತಾಳ, ಕೇಳ್ರಿ,” ಎಂದರು. ಭವನದಲ್ಲಿ ಗುಜುಗುಜು ಎದ್ದು ಅಡಗಿತು.

ಜಗದೇವಿ ಓದಿದಳು. ಮುಗಿದಾಗ ಕಲಬುರಗಿಯಿಂದ ಬಂದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, ಜಾಫರ್ ಬೇಗ್ ಎಂಬತ್ತೈದರಲ್ಲಿ ಕೋಟೆ ಬಿಟ್ಟವನು, ಅವನ ಕಾಲಕ್ಕೂ ನಿಮ್ಮ ವರ್ಷಕ್ಕೂ ತಾಳೆಯಾಗುತ್ತದೆಯೇ ಎಂದು ಕೇಳಿದರು. ಅವಳು ಮಾಸ್ತರರ ಕಡೆ ನೋಡಿದಳು. ಅವರು ಶಾಲಿನ ಒಳಗೆ ನಗುತ್ತಿದ್ದರು. “ಆಗ್ತದ ರಿ. ಬಾವಿ ಎಪ್ಪತ್ತರದು. ಆ ವರ್ಷ ಓದಿದವರು ನಾನಲ್ಲ, ಸಿರಾಜುದ್ದೀನ್ ಸರ್,” ಎಂದಳು. ಪ್ರಾಧ್ಯಾಪಕರು ಸಮಾಧಾನದಿಂದ ತಲೆದೂಗಿ ಕುಳಿತರು. ಆಮೇಲೆ ಬಿದ್ದ ಚಪ್ಪಾಳೆ ಬೇಗ ನಿಲ್ಲಲಿಲ್ಲ. ಧನರಾಜರು ವೇದಿಕೆಯ ಪಕ್ಕದಲ್ಲಿ ನಿಂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ಸಂಜೆ ಐದರ ಬಸ್ಸಿನಲ್ಲಿ ಜಗದೇವಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವ ಮುಂಚೆಯೇ ಕಣ್ಣು ಎಳೆಯಿತು. ಸೋಮವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ರಾಜೇಶ್ವರ ಯಾವಾಗ ಬಂತೋ, ಯಾವಾಗ ಹಿಂದೆ ಹೋಯಿತೋ ಗೊತ್ತಾಗಲಿಲ್ಲ. ಹುಮನಾಬಾದಿನ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ ಕಂಡಕ್ಟರ್ ಬಂದು, “ಯಕ್ಕಾ, ಊರು ಬಂತು, ಇಳೀರಿ,” ಎಂದು ಸೀಟು ತಟ್ಟಿ ಎಬ್ಬಿಸಿದ.